ಕಂದೀಲಿನ ಗೆರೆ

ಬಾಲದ ಚುಕ್ಕಿ ಕಂಡರೆ ಊರಿಗೆ ಕೇಡು ಎನ್ನುತ್ತಾರೆ. ಸುಮ್ಮನೆ ಚುಕ್ಕಿಯ ತಲೆಯ ಮೇಲೆ ಗೂಬೆ ಕೂರಿಸುವ ಮಾತು. ಅದು ಪಾಪ, ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಕೇಡು ಮಾಡುವುದಕ್ಕೆ ನಾವೇ ಸಾಕು.

ಹೊಳೆದಂಡೆಯ ಮಠವೊಂದರಲ್ಲಿ ಚನ್ನವೀರ ಎಂಬ ಶಿಷ್ಯನಿದ್ದ. ಅವನಿಗೆ ಕ್ಯಾಮೆರಾದ ಹುಚ್ಚು. ಆ ವಾರ ಸಂಜೆ ಕತ್ತಲಾಗುತ್ತಲೇ ಪಡುವಣದಲ್ಲಿ, ಹೊಳೆಯಾಚೆ, ಧೂಮಕೇತು ಕಾಣುತ್ತಿತ್ತು. ಅದರದೊಂದು ಒಳ್ಳೆಯ ಚಿತ್ರ ತೆಗೆಯಬೇಕೆಂದು ಅವನು ಊಟ, ಪೂಜೆ ಎರಡನ್ನೂ ಮರೆತಿದ್ದ.

ಒಂದು ಮಧ್ಯಾಹ್ನ ಅವನು ಪಟ್ಟಣದಿಂದ ಸಿಟ್ಟು ಹೊತ್ತುಕೊಂಡೇ ಬಂದ. ಹಿಂದಿನ ಸಂಜೆ ತೆಗೆದ ಚಿತ್ರವನ್ನು ಅಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿದ್ದ. ಅದನ್ನು ಗುರುಗಳಾದ ನಿರ್ವಾಣಯ್ಯನವರ ಮುಂದೆ ಹಾಸಿದ.

ಚುಕ್ಕಿ ಚೆಂದವಾಗಿಯೇ ಬಂದಿತ್ತು. ಆದರೆ ಕೆಳಗೆ, ದಂಡೆಯ ಮೇಲೆ, ಹಳದಿ ಬೆಳಕಿನ ಗೆರೆಯೊಂದು ಹಾದುಹೋಗಿತ್ತು.

“ನೋಡ್ರಿ ಅಜ್ಜಾರ, ದುರಗವ್ವ ಮಾಡಿದ ಕೆಲಸ.”

ಚಿತ್ರ ತೆಗೆಯುವಾಗ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದೇ ಇರಬೇಕಂತೆ. ಆಗ ಯಾರಾದರೂ ದೀಪ ಹಿಡಿದು ನಡೆದರೆ ನಡೆದಷ್ಟೂ ಗೆರೆಯಾಗಿ ಮೂಡುತ್ತದಂತೆ. ಅಂಬಿಗರ ಆ ಮುದುಕಿ ಅದೇ ಹೊತ್ತಿಗೆ ಕಂದೀಲು ಹಿಡಿದು ಬರಬೇಕಿತ್ತೇ ಎಂದು ಅವನು ಕೂಗಾಡಿದ. ಚುಕ್ಕಿ ಮುಳುಗುವವರೆಗೆ ದಂಡೆಯಲ್ಲಿ ಯಾರೂ ದೀಪ ಹಚ್ಚಬಾರದೆಂದು ಮಠದಿಂದ ಅಪ್ಪಣೆ ಆಗಬೇಕು ಎಂದೂ ಕೇಳಿದ.

ಗುರುಗಳು ಗೆರೆಯ ಮೇಲೆ ಬೆರಳಿಟ್ಟು, ದುರಗವ್ವನ ಗುಡಿಸಲಿನಿಂದ ಮೆಲ್ಲಗೆ ಸರಿಸುತ್ತ ಬಂದರು. ಮುದುಕಿ ಕಾಲೆಳೆದು ನಡೆದಂತೆ ಗೆರೆಯೂ ಏರಿಳಿದಿತ್ತು. ಹೊಳೆಯ ಮೆಟ್ಟಿಲ ಹತ್ತಿರ ಅದು ತಟ್ಟನೆ ಮುಗಿದಿತ್ತು.

“ಇದು ಇಲ್ಲಿಗೇ ಯಾಕ ನಿಂತೈತಿ?”

“ಕಂದೀಲು ಆರಸು ಅಂತ ಒದರಿದ್ನಿರಿ. ಆರಿಸಿದ್ಲು.”

“ಮಠದ ಮರಿ ಹೇಳಿದ ಮಾತು, ಮೀರಾಕ ಆಗತೈತೇನು ಆಕಿಗೆ. ಆಮ್ಯಾಲೆ?”

“ಆಮ್ಯಾಲೆ ನಾ ಚುಕ್ಕಿ ನೋಡಾಕ ಹತ್ತಿದ್ದೆ.”

ಗುರುಗಳ ಮುಖ ಕೆಂಪಾಯಿತು. ಅವನ ರಟ್ಟೆ ಹಿಡಿದು ಹಿಂದಿನ ಕೋಣೆಗೆ ಎಳೆದೊಯ್ದರು.

ಅಲ್ಲಿ ದುರಗವ್ವ ಚಾಪೆಯ ಮೇಲೆ ಮಲಗಿದ್ದಳು. ಕಾಲಿಗೆ ಬಿದಿರ ದಬ್ಬೆ ಕಟ್ಟಿದ್ದರು. ಕಂದೀಲು ಆರಿಸಿದ ಮೇಲೆ ಅವಳು ಕತ್ತಲಲ್ಲಿ ಮೆಟ್ಟಿಲು ತಪ್ಪಿ ಬಿದ್ದಿದ್ದಳು. ದಿನಾ ಅವಳು ಮೆಟ್ಟಿಲ ಮೇಲಿಡುವ ಕಂದೀಲನ್ನೇ ಗುರುತು ಹಿಡಿದು ಮಗ ಹುಲಿಗೆಪ್ಪ ಆಚೆ ದಂಡೆಯಿಂದ ಹರಗೋಲು ನಡೆಸುತ್ತಿದ್ದ. ನಿನ್ನೆ ಗುರುತು ಸಿಗದೆ, ಕೂಲಿಯಿಂದ ಮರಳುವ ಹೆಂಗಸರನ್ನೂ ಅವರ ಕೂಸುಗಳನ್ನೂ ಕೂರಿಸಿಕೊಂಡು ಸುಳಿಯ ಬಾಯಿಗೇ ಹೋಗಿದ್ದ. ಕೂಗು ಕೇಳಿ ಮಠದವರು ಬ್ಯಾಟರಿ ಹಿಡಿದು ಓಡಿದ್ದರಿಂದ ಎಲ್ಲರ ಜೀವ ಉಳಿಯಿತು. ಚನ್ನವೀರ ಆ ಹೊತ್ತಿಗೆ ಚಿತ್ರ ಅಚ್ಚು ಹಾಕಿಸಲು ಪಟ್ಟಣದ ಬಸ್ಸು ಹತ್ತಿದ್ದ.

ಅವನನ್ನು ಕಂಡು ಮುದುಕಿ ಏಳಲು ನೋಡಿದಳು.

“ಚಿತ್ರ ಚೊಲೊ ಬಂತೇನ್ರಿ, ಮರಿದೇವ್ರ?”

ಅವಳಿಗೆ ಸಿಟ್ಟು ಬಂದಿರಲಿಲ್ಲ. ಬರಬೇಕಿತ್ತು.

ಕತ್ತಲಾಯಿತು. ಹೊಳೆಯಾಚೆ ಚುಕ್ಕಿ ಕಾಣಿಸಿತು. ನಾಳೆಯಿಂದ ಅದು ಕಾಣುವುದಿಲ್ಲವೆಂದು ತಿಳಿದವರು ಹೇಳಿದ್ದರು. ಅಷ್ಟೆಲ್ಲ ಆದ ಮೇಲೂ ಚನ್ನವೀರನ ಕೈ ಕ್ಯಾಮೆರಾದ ಚೀಲದ ಕಡೆಗೇ ಹೋಯಿತು.

ಗುರುಗಳು ಆ ಕೈಗೆ ದುರಗವ್ವನ ಕಂದೀಲು ಕೊಟ್ಟು, ಹರಗೋಲು ಬರುವ ತನಕ ಮೆಟ್ಟಿಲ ಮೇಲೆ ನಿಲ್ಲು ಎಂದರು.

“ಅಜ್ಜಾರ, ಇವತ್ತ ಕಡೀ ಸಂಜಿರಿ. ಮತ್ತ ಅದು ಬರೂದು ಸಾವಿರಾರು ವರ್ಷಕ್ಕ.”

ಗುರುಗಳು ಬಗ್ಗಿ ಕಂದೀಲಿನ ಬತ್ತಿ ಏರಿಸಿದರು.

“ಅದು ನೀ ನೋಡದಿದ್ರೂ ತನ್ನ ದಾರಿ ಹಿಡಿದು ಹೋಗತೈತಿ. ಹುಲಿಗೆಪ್ಪ ನಿನ್ನ ಕೈಯಾಗಿನ ದೀಪ ನೋಡೇ ಬರಬೇಕು.”