ಶೀರ್‌ದರಾದ ನದಿ ಕವಲೊಡೆದದ್ದು

ಭೂಮಿ ಆಗಷ್ಟೇ ಹೆಂಚಿನಿಂದ ತೆಗೆದ ರೊಟ್ಟಿಯ ಹಾಗೆ ಬಿಸಿಯಾಗಿ, ಮೆತ್ತಗೆ ಇದ್ದ ಕಾಲ. ಬೆಟ್ಟಗಳು ಅತ್ತ ಇತ್ತ ಸರಿದು, ಕೂರುವ ಜಾಗ ಸರಿಮಾಡಿಕೊಳ್ಳುತ್ತಿದ್ದವು. ಮಳೆ ಎಲ್ಲಿ ಸುರಿಸಬೇಕು, ಹಿಮ ಎಲ್ಲಿ ಸುರಿಸಬೇಕು ಅನ್ನುವುದು ಮೋಡಗಳಿಗೆ ಇನ್ನೂ ರೂಢಿಯಾಗಿರಲಿಲ್ಲ. ರಾಜರೂ ಹೊಸಬರೇ. ತಮ್ಮ ರಾಜ್ಯ ಎಲ್ಲಿ ಮುಗಿಯುತ್ತದೆ ಅನ್ನುವುದು ಅವರಿಗೇ ತಿಳಿದಿರಲಿಲ್ಲ.

ಹಿಮಾಲಯ ದಾಟಿ ಇನ್ನೂ ಉತ್ತರಕ್ಕೆ ಹೋದರೆ, ಎತ್ತ ನೋಡಿದರೂ ಬೆಟ್ಟವೇ ಕಾಣುವ ಒಂದು ನಾಡು ಸಿಗುತ್ತದೆ. ಅಲ್ಲಿ ಎರಡು ಬೆಟ್ಟಸಾಲುಗಳ ನಡುವೆ ಶೀರ್‌ದರಾ ಅನ್ನುವ ಉದ್ದನೆಯ ಕಣಿವೆ. ಆ ಕಣಿವೆಯಲ್ಲಿ ಸಿಮಾಬ್ ಅನ್ನುವ ನದಿ. ಆಗ ಅವಳಿಗೆ ಒಂದೇ ಪಾತ್ರ, ಒಂದೇ ದಾರಿ. ಆಳವೆಂದರೆ ಅಂಥಿಂಥ ಆಳವಲ್ಲ. ಅವಳು ಹರಿಯುವ ಸದ್ದಿಗೆ ಬೆಟ್ಟದ ಮೇಲಿನ ಹದ್ದುಗಳೂ ಕತ್ತು ಬಗ್ಗಿಸಿ ನೋಡುತ್ತಿದ್ದವು. ತನ್ನ ಆಳದ ಬಗ್ಗೆ, ತನ್ನ ದನಿಯ ಬಗ್ಗೆ ಸಿಮಾಬ್‌ಗೆ ಬಹಳ ಹೆಮ್ಮೆ.

ನದಿಯ ಉತ್ತರದ ದಂಡೆಗೆ ದಿನವೆಲ್ಲ ಬಿಸಿಲು. ಅಲ್ಲಿ ಜವೆಗೋಧಿ ಬೆಳೆಯುತ್ತಿತ್ತು, ಜರ್ದಾಳು ಹಣ್ಣಾಗುತ್ತಿತ್ತು. ದಕ್ಷಿಣದ ದಂಡೆಯ ಮೇಲೆ ಬೆಟ್ಟದ ನೆರಳು. ಅಲ್ಲಿ ಪೈರು ಬಾರದು, ಹುಲ್ಲು ಮಾತ್ರ ಮೊಣಕಾಲುದ್ದ ಬರುತ್ತಿತ್ತು. ಚಮರಿ ಹಸುಗಳು ಆ ಹುಲ್ಲು ಮೇಯ್ದು ಗಟ್ಟಿ ಹಾಲು ಕೊಡುತ್ತಿದ್ದವು. ಬಿಸಿಲು ದಂಡೆಯ ಹಿಟ್ಟು ಆ ಕಡೆಗೆ ಹೋಗುತ್ತಿತ್ತು, ನೆರಳು ದಂಡೆಯ ಬೆಣ್ಣೆ ಈ ಕಡೆಗೆ ಬರುತ್ತಿತ್ತು. ಎರಡೂ ಸೇರಿದರೇ ಒಂದು ಊಟ.

ಹಿಟ್ಟನ್ನೂ ಬೆಣ್ಣೆಯನ್ನೂ ದಾಟಿಸುತ್ತಿದ್ದವಳು ಜರ್‌ಬಾನು. ಎಂಟು ಆಡಿನ ಚರ್ಮಗಳನ್ನು ಊದಿ ಉಬ್ಬಿಸಿ, ಮೇಲೆ ಕೋಲುಗಳನ್ನು ಅಡ್ಡಡ್ಡ ಬಿಗಿದರೆ ಅವಳ ತೆಪ್ಪ. ಅಂಥ ಆಳದ ನದಿಯಲ್ಲಿ ತೆಪ್ಪ ಹಾಕುವ ಎದೆಗಾರಿಕೆ ಇಡೀ ಕಣಿವೆಯಲ್ಲಿ ಅವಳೊಬ್ಬಳಿಗೇ ಇತ್ತು. ನಲವತ್ತು ದಾಟಿದ ಹೆಂಗಸು, ಅಗಲವಾದ ಭುಜ, ಗಟ್ಟಿ ಗಂಟಲು. ನದಿಯ ಜೊತೆ ಮಾತಾಡಿಕೊಂಡೇ ಹುಟ್ಟು ಹಾಕುವಳು.

"ಇವತ್ತು ಸ್ವಲ್ಪ ಮೆಲ್ಲಗೆ ಕಣೇ, ಬಸುರಿ ಹೆಂಗಸರಿದ್ದಾರೆ," ಅನ್ನುವಳು.

"ಆಗಲಿ ಅಕ್ಕಾ," ಅನ್ನುವಳು ಸಿಮಾಬ್. ಮೆಲ್ಲಗೆ ಹರಿಯುವಳು.

ಜರ್‌ಬಾನುವಿಗೆ ಬೇಗಿಮ್ ಅಂತ ಒಬ್ಬಳು ತಂಗಿ. ತಾಯಿ ತೀರಿಕೊಂಡ ಮೇಲೆ ಆ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡೇ ತೆಪ್ಪ ನಡೆಸಿ ಸಾಕಿದವಳು ಇವಳು. ಬೇಗಿಮ್‌ಳನ್ನು ನೆರಳು ದಂಡೆಯ ಒಬ್ಬ ಹಸುಗಾರನಿಗೆ ಕೊಟ್ಟಿದ್ದರು. ಆ ವರ್ಷ ಅವಳಿಗೆ ಚೊಚ್ಚಲ ಬಸಿರು.

"ಹೆರಿಗೆಗೆ ನೀನೇ ಬರಬೇಕು ಅಕ್ಕಾ," ಅಂದಿದ್ದಳು ಬೇಗಿಮ್.

"ನಾನಲ್ಲದೆ ಇನ್ಯಾರು ಬರ್ತಾರೆ?" ಅಂದಿದ್ದಳು ಜರ್‌ಬಾನು.

ಆ ವಸಂತದಲ್ಲೇ ರಾಜರು ಬಂದರು.

ಉತ್ತರದ ಬಯಲಿನಿಂದ ಒಬ್ಬ ಖಾನನ ದಂಡು ಬಂತು, ಕುದುರೆಗಳ ಮೇಲೆ. ದಕ್ಷಿಣದ ಕಣಿವೆದಾರಿಗಳಿಂದ ಒಬ್ಬ ಶಾಹನ ದಂಡು ಬಂತು, ಹೇಸರಗತ್ತೆಗಳ ಮೇಲೆ. ಎರಡೂ ದಂಡುಗಳು ನದಿಯ ಆಚೆ ಈಚೆ ನಿಂತು ಒಂದನ್ನೊಂದು ನೋಡಿದವು. ನೀರಿನ ಆಳ ನೋಡಿದ ಮೇಲೆ ಯಾರಿಗೂ ಯುದ್ಧ ಮಾಡುವ ಮನಸ್ಸಾಗಲಿಲ್ಲ. ಮಾತುಕತೆಗೆ ಶಾಹನ ವಜೀರ ಜರ್‌ಬಾನುವಿನ ತೆಪ್ಪದಲ್ಲೇ ಈಚೆಗೆ ಬಂದ.

"ಒಳ್ಳೇದೇ ಆಯಿತು. ಈ ನದಿಯೇ ಗಡಿ. ಆಚೆಗಿರುವುದು ನಿಮ್ಮದು, ಈಚೆಗಿರುವುದು ನಮ್ಮದು," ಅಂದ ಖಾನನ ದಿವಾನ.

"ಒಪ್ಪಿಗೆ. ಒಂದೇ ಗೆರೆಯ ಹಾಗೆ ಎಷ್ಟು ಚೆನ್ನಾಗಿದೆ ನೋಡಿ, ದೇವರೇ ಎಳೆದಂತಿದೆ!" ಅಂದ ಶಾಹನ ವಜೀರ.

ಎರಡೂ ದಂಡೆಯಲ್ಲಿ ಕಲ್ಲುಕಂಬ ನೆಟ್ಟರು, ಕಾವಲುಗಾರರನ್ನು ನಿಲ್ಲಿಸಿದರು. ದಾಟುವವರಿಗೆ ಸೆರೆಮನೆ ಅಂತ ಸಾರಿದರು. ಹೋಗುವ ಮುಂಚೆ ಒಬ್ಬ ಸಿಪಾಯಿ ಜರ್‌ಬಾನುವಿನ ತೆಪ್ಪದ ಎಂಟೂ ಚರ್ಮಗಳಿಗೆ ಚೂರಿ ಹಾಕಿದ. ಅವು ಒಂದೊಂದಾಗಿ ಉಸ್ಸೆಂದು ಚಪ್ಪಟೆಯಾದವು.

ಅಂದಿನಿಂದ ಹಿಟ್ಟು ಆ ಕಡೆಗೆ ಹೋಗಲಿಲ್ಲ, ಬೆಣ್ಣೆ ಈ ಕಡೆಗೆ ಬರಲಿಲ್ಲ. ಬಿಸಿಲು ದಂಡೆಯವರು ಒಣ ರೊಟ್ಟಿ ತಿಂದರು. ನೆರಳು ದಂಡೆಯವರು ಬರೀ ಹಾಲು ಕುಡಿದು ಮಲಗಿದರು. ಜರ್‌ಬಾನು ದಿನಾ ದಂಡೆಗೆ ಬಂದು ನಿಲ್ಲುತ್ತಿದ್ದಳು. ಆಚೆ ದಡದಲ್ಲಿ ಬೇಗಿಮ್ ಬಂದು ನಿಲ್ಲುತ್ತಿದ್ದಳು, ಬೆರಳಿನಷ್ಟು ಚಿಕ್ಕದಾಗಿ ಕಾಣುತ್ತಿದ್ದಳು. ಇಬ್ಬರೂ ಕೂಗುತ್ತಿದ್ದರು. ನದಿಯ ಸದ್ದಿಗೆ ಒಬ್ಬರ ಮಾತೂ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ.

ಒಂದು ದಿನ ಬೇಗಿಮ್ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮೂರನೆಯ ದಿನ ಅವಳ ಮನೆಯ ಮಾಳಿಗೆಯ ಮೇಲೆ ಒಂದು ಕೆಂಪು ಬಟ್ಟೆ ಹಾರಾಡುತ್ತಿತ್ತು. ಮನೆಯಲ್ಲಿ ಮಗು ಹುಟ್ಟಿದರೆ ಆ ಕಣಿವೆಯಲ್ಲಿ ಹಾಗೆ ಕೆಂಪು ಬಟ್ಟೆ ಕಟ್ಟುತ್ತಾರೆ.

ಜರ್‌ಬಾನು ಮರಳಿನ ಮೇಲೆ ಕುಸಿದು ಕೂತಳು. ಅತ್ತಳು. ಸಂತೋಷಕ್ಕೆ ಸ್ವಲ್ಪ, ಸಂಕಟಕ್ಕೆ ಬಹಳ.

"ಅಳಬೇಡ ಅಕ್ಕಾ," ಅಂದಳು ಸಿಮಾಬ್.

"ನಿನ್ನ ಜೊತೆ ನನಗೆ ಮಾತಿಲ್ಲ ಹೋಗು. ನೀನೇ ಅಲ್ಲವೇ ಅಡ್ಡ ಬಂದಿರೋದು?"

ನದಿಗೆ ಮುಳ್ಳು ಚುಚ್ಚಿದಂತಾಯಿತು. "ನಾನೇನು ಮಾಡಿದೆ? ಬೆಟ್ಟದ ಮೇಲಿನ ಹಿಮಜ್ಜಿ ಕಳಿಸಿದಳು, ಹರಿದೆ. ನಿಮ್ಮ ಹೊಲಕ್ಕೆ ನೀರು ಕೊಟ್ಟೆ, ನಿಮ್ಮ ಹಸುಗಳಿಗೆ ನೀರು ಕೊಟ್ಟೆ. ನನ್ನನ್ನು ಗೆರೆ ಮಾಡಿ ಅಂತ ನಾನು ಕೇಳಿದೆನೇ?"

ಜರ್‌ಬಾನು ತಲೆವಸ್ತ್ರದಿಂದ ಮುಖ ಒರೆಸಿಕೊಂಡಳು. "ಇಲ್ಲ, ನೀನು ಕೇಳಲಿಲ್ಲ. ತಪ್ಪಾಯಿತು ಕಣೇ. ಮಗು ಗಂಡೋ ಹೆಣ್ಣೋ, ಅಷ್ಟೂ ನನಗೆ ಗೊತ್ತಿಲ್ಲ ನೋಡು."

ಸಿಮಾಬ್ ಕಣಿವೆಯ ತಲೆಯ ಕಡೆಗೆ ತಿರುಗಿ, "ಅಜ್ಜೀ!" ಅಂತ ಕೂಗಿದಳು.

ಕಣಿವೆಯ ತಲೆಯಲ್ಲಿ, ಎರಡು ಶಿಖರಗಳ ನಡುವೆ ಹಿಮಜ್ಜಿ ಮಲಗಿದ್ದಳು. ಮೊಟ್ಟಮೊದಲಿಂದ ಬಿದ್ದ ಹಿಮವೆಲ್ಲ ಗಟ್ಟಿಯಾಗಿ ಆದವಳು. ಅವಳು ಮಾತಾಡುವುದು ಅಪರೂಪ. ಮಾತಾಡಿದರೆ ಒಳಗೆಲ್ಲೋ ಹಿಮ ಬಿರಿದ ಸದ್ದಾಗುತ್ತದೆ.

"ಏನು ಮಗಳೇ?"

"ನನ್ನನ್ನು ನಿಲ್ಲಿಸಿಬಿಡು ಅಜ್ಜಿ. ನಾನು ಹರಿಯೋದಿಲ್ಲ."

"ನಿಲ್ಲಿಸಿದರೆ ಕಣಿವೆ ಸಾಯುತ್ತೆ. ಆದರೆ ಒಂದೇ ದಾರಿಯಲ್ಲಿ ಹರಿ ಅಂತ ನಿನಗೆ ಹೇಳಿದವರು ಯಾರು?" ಅಂದಳು ಅಜ್ಜಿ.

ಸಿಮಾಬ್‌ಗೆ ಅರ್ಥವಾಯಿತು. ಹಲವು ಕವಲಾಗಿ ಹರಡಿದರೆ ತನ್ನ ಆಳ ಹೋಗುತ್ತದೆ. ಹದ್ದುಗಳು ಬಗ್ಗಿ ನೋಡುವಂಥ ದನಿ ಹೋಗುತ್ತದೆ. ಕಲ್ಲುಗುಂಡುಗಳ ನಡುವೆ ಮೊಣಕಾಲುದ್ದದ ನೀರಾಗಿ ಹರಿಯಬೇಕು.

ಅವಳು ಜರ್‌ಬಾನುವಿಗೆ ಎಲ್ಲ ಹೇಳಿದಳು. "ನಾನು ಹರಡಿದರೆ ನಿನ್ನ ತೆಪ್ಪ ಯಾರಿಗೂ ಬೇಕಾಗಲ್ಲ ಅಕ್ಕಾ. ಎಲ್ಲರೂ ನಡೆದೇ ದಾಟುತ್ತಾರೆ. ದಂಡೆಯ ಮೇಲಿನ ನಿಮ್ಮ ಊರೂ ಉಳಿಯಲ್ಲ. ಯೋಚನೆ ಮಾಡು."

ಜರ್‌ಬಾನು ಯೋಚನೆ ಮಾಡಿದಳು. ಹದಿನಾಲ್ಕನೇ ವಯಸ್ಸಿನಿಂದ ಅವಳಿಗೆ ಗೊತ್ತಿದ್ದ ಕೆಲಸ ಅದೊಂದೇ. ಅದು ಹೋದರೆ ತಾನು ಯಾರು? ಮಾಳಿಗೆಯ ಮೇಲಿನ ಕೆಂಪು ಬಟ್ಟೆಯ ಕಡೆಗೆ ನೋಡಿದಳು.

"ನಿನ್ನ ಆಳ ಹೋಗೋದಾದರೆ ನನ್ನ ತೆಪ್ಪವೂ ಹೋಗಲಿ. ಊರಿನವರ ಹತ್ತಿರ ನಾನು ಮಾತಾಡ್ತೀನಿ," ಅಂದಳು.

ಊರಿನವರು ಜರ್ದಾಳು ಮರದ ಕೆಳಗೆ ಸೇರಿದರು. ಜರ್‌ಬಾನು ಹೇಳಿದ್ದನ್ನು ಕೇಳಿ ಎಲ್ಲರಿಗಿಂತ ಮೊದಲು ಎದ್ದವನು ಶೋದಿ ತಾತ. ಊರಿಗೆಲ್ಲ ಹಿರಿಯ. ನದಿಯ ಪಕ್ಕದ ಅವರೆ ಹೊಲ ಅವನದು.

"ಆಗೋದಿಲ್ಲ! ಆ ಹೊಲದ ಕಲ್ಲು ಆರಿಸೋಕೆ ನನಗೆ ಮೂವತ್ತು ವರ್ಷ ಹಿಡೀತು. ಈಗ ನದಿಗೆ ಕೊಡು ಅಂತೀಯಲ್ಲ?" ಅಂದ.

"ಹೌದು ತಾತ."

"ಬೆಟ್ಟದ ಮೇಲೆ ಹೋಗೋಣ ಅಂದರೆ, ಅಲ್ಲಿ ಏನಿದೆ? ಬರೀ ಕಲ್ಲು."

"ಹೌದು ತಾತ, ಬರೀ ಕಲ್ಲು. ನಾವೆಲ್ಲ ಸೇರಿ ಆರಿಸೋಣ." ಜರ್‌ಬಾನು ಅವನನ್ನು ಕೂರಿಸಿ ಪಕ್ಕದಲ್ಲೇ ಕೂತಳು. "ನಿನ್ನ ಮಗಳನ್ನೂ ಆ ಕಡೆಗೇ ಕೊಟ್ಟಿದ್ದೀಯಲ್ಲ. ಅವಳ ಮುಖ ನೋಡಿ ಎಷ್ಟು ದಿನ ಆಯ್ತು?"

ಶೋದಿ ತಾತ ಕೋಲೂರಿಕೊಂಡು ಎದ್ದು ಮನೆಗೆ ಹೋದ. ಇನ್ನು ಆಗದ ಮಾತು ಅಂದುಕೊಂಡರು ಎಲ್ಲರೂ.

ಮಾರನೆಯ ಬೆಳಿಗ್ಗೆ ಊರಿನವರು ಎದ್ದು ನೋಡಿದರೆ, ಶೋದಿ ತಾತ ತನ್ನ ಮನೆಯ ಬಾಗಿಲನ್ನೇ ಕಿತ್ತು ಬೆನ್ನಿಗೆ ಕಟ್ಟಿಕೊಂಡು ಬೆಟ್ಟದ ಇಳಿಜಾರು ಹತ್ತುತ್ತಿದ್ದ. "ಏನು ನೋಡ್ತೀರಿ? ಒಳ್ಳೇ ಜಾಗ ಬೇಕಾದವರು ಬೇಗ ಬನ್ನಿ!" ಅಂತ ಬೈದ.

ಇಡೀ ಊರು ಹಿಂದೆ ಹೊರಟಿತು.

ಇನ್ನು ಆಚೆ ದಂಡೆಯವರಿಗೆ ಹೇಳಬೇಕಿತ್ತು. "ನಾನು ಒಂದು ಉಸಿರು ಹಿಡಿಯುವಷ್ಟು ಹೊತ್ತು ಸದ್ದು ಮಾಡೋದಿಲ್ಲ. ಅಷ್ಟರಲ್ಲಿ ಕೂಗಿಬಿಡು ಅಕ್ಕಾ," ಅಂದಳು ಸಿಮಾಬ್.

ನದಿ ಉಸಿರು ಹಿಡಿದಳು. ಕಣಿವೆಯಲ್ಲಿ ಹಿಂದೆಂದೂ ಇಲ್ಲದ ಮೌನ. ಮೇಯುತ್ತಿದ್ದ ಹಸುಗಳು ತಲೆಯೆತ್ತಿದವು.

"ಬೇಗಿಮ್!" ಅಂತ ಜರ್‌ಬಾನು ಇದ್ದ ಗಂಟಲನ್ನೆಲ್ಲ ಹಾಕಿ ಕೂಗಿದಳು. "ಎಲ್ಲರೂ ಮನೆಗಳನ್ನ ಬೆಟ್ಟದ ಮೇಲಕ್ಕೆ ಒಯ್ಯಿರಿ! ನದಿ ಅಗಲ ಆಗ್ತಾಳೆ!"

ಆಚೆಯಿಂದ ತೆಳ್ಳಗಿನ ದನಿಯೊಂದು ತೇಲಿ ಬಂತು. "ಆಯ್ತು ಅಕ್ಕಾ! ಹೆಣ್ಣು ಮಗು ಅಕ್ಕಾ, ಹೆಣ್ಣು!"

ಕಾವಲುಗಾರರು ಮಿಕಿಮಿಕಿ ನೋಡಿದರು. ದೂರದೂರಿನಿಂದ ಬಂದವರು, ಅವರಿಗೆ ಕಣಿವೆಯ ಮಾತು ತಿಳಿಯದು. ನದಿ ಉಸಿರು ಬಿಟ್ಟಳು. ಮತ್ತೆ ಅದೇ ಸದ್ದು. ಆದರೆ ಜರ್‌ಬಾನುವಿಗೆ ಕೇಳಬೇಕಾದದ್ದು ಕೇಳಿತ್ತು. ಇಡೀ ದಿನ ಸಿಕ್ಕಸಿಕ್ಕವರಿಗೆಲ್ಲ, "ಹೆಣ್ಣಂತೆ, ಹೆಣ್ಣಂತೆ," ಅಂತ ಹೇಳಿಕೊಂಡು ತಿರುಗಿದಳು.

ಬೇಸಿಗೆ ಬಂತು. ಹಿಮಜ್ಜಿ ಒಮ್ಮೆ ಮೈ ಮುರಿದಳು. ಕರಗಿದ ಹಿಮವೆಲ್ಲ ಕಲ್ಲು, ಮರಳು, ಮಣ್ಣು ಹೊತ್ತುಕೊಂಡು ಧುಮುಕಿತು. ಸಿಮಾಬ್ ತನ್ನ ಆಳದ ಪಾತ್ರವನ್ನು ತಾನೇ ಕಲ್ಲಿನಿಂದ ತುಂಬಿಸಿದಳು. ಕಾವಲುಗಾರರು ಗುಡ್ಡಕ್ಕೆ ಓಡಿದರು, ಕಲ್ಲುಕಂಬಗಳು ಮುಳುಗಿದವು. ನದಿ ಎರಡಾದಳು, ನಾಲ್ಕಾದಳು, ಹನ್ನೆರಡಾದಳು. ಒಂದು ಕವಲು ಇನ್ನೊಂದನ್ನು ಸೇರಿತು, ಸೇರಿದ್ದು ಮತ್ತೆ ಬೇರೆಯಾಯಿತು. ಕಣಿವೆಯ ತುಂಬ ನೀರಿನ ಎಳೆಗಳು.

ಸುದ್ದಿ ಕೇಳಿ ದಿವಾನನೂ ವಜೀರನೂ ಹಗ್ಗ ಹಿಡಿದುಕೊಂಡು ಅಳೆಯಲು ಬಂದರು.

"ಆ ಕೊನೆಯ ಕವಲೇ ನಿಜವಾದ ನದಿ," ಅಂದ ದಿವಾನ, ತನ್ನಿಂದ ಬಹಳ ದೂರದ್ದನ್ನು ತೋರಿಸಿ.

"ಅದು ಹೇಗೆ? ನಿಮ್ಮ ಕಾಲ ಹತ್ತಿರ ಇರೋದೇ ನದಿ," ಅಂದ ವಜೀರ.

ಬೆಳಗಿನಿಂದ ಮಧ್ಯಾಹ್ನದವರೆಗೆ ಜಗಳವಾಡಿ, ಕೊನೆಗೆ ನಡುವಿನದೊಂದು ಕವಲನ್ನು ಒಪ್ಪಿ ಗೂಟ ಹೊಡೆದರು. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ನೀರೇರಿತು. ಗೂಟ ತೇಲಿಹೋಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಆ ಕವಲೇ ಅಲ್ಲಿರಲಿಲ್ಲ. ಮತ್ತೆ ಅಳೆದರು, ಮತ್ತೆ ಗೂಟ ಹೊಡೆದರು. ಅದೂ ತೇಲಿಹೋಯಿತು. ಹತ್ತು ದಿನ ಹೀಗೇ ನಡೆಯಿತು. ದಿವಾನನಿಗೆ ನೆಗಡಿಯಾಯಿತು, ವಜೀರನ ಬೂಟಿನ ತುಂಬ ಮರಳು ಸೇರಿತು.

"ಅರಮನೆಗೆ ಹೋಗಿ ಕಾಗದದ ಮೇಲೆ ಒಂದು ಗೆರೆ ಎಳೆದುಬಿಡೋಣ," ಅಂದ ದಿವಾನ ಸೀನುತ್ತಾ.

"ಅದೇ ಸರಿ. ಕಾಗದದ ಮೇಲೆ ಅದು ಓಡಾಡೋದಿಲ್ಲ," ಅಂದ ವಜೀರ.

ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು. ಕಾಯುವುದಕ್ಕೆ ಗಡಿಯೇ ಇಲ್ಲದ ಕಾವಲುಗಾರರು ಅವರ ಹಿಂದೆ ಹೊರಟರು.

ಮಾರನೆಯ ಬೆಳಿಗ್ಗೆ ನೀರು ಇಳಿದಿತ್ತು. ಜರ್‌ಬಾನು ತಲೆಯ ಮೇಲೆ ಹಿಟ್ಟಿನ ಚೀಲ ಹೊತ್ತು, ಸಲ್ವಾರನ್ನು ಮೊಣಕಾಲಿನ ಮೇಲಕ್ಕೆ ಸುತ್ತಿ ನೀರಿಗಿಳಿದಳು. ಅವಳ ಹಿಂದೆ ಶೋದಿ ತಾತ, ಅವನ ಹಿಂದೆ ಊರು. ನೀರು ಕೊರೆಯುತ್ತಿತ್ತು. ಒಂದು ಕವಲು ದಾಟಿದರು, ಎರಡು ದಾಟಿದರು, ಹನ್ನೆರಡೂ ದಾಟಿದರು. ಆಚೆ ದಡದಲ್ಲಿ ಬೇಗಿಮ್ ನಿಂತಿದ್ದಳು, ಬೆರಳಿನಷ್ಟಲ್ಲ, ಆಳೆತ್ತರಕ್ಕೆ. ಮಗುವನ್ನು ಅಕ್ಕನ ತೋಳಿಗಿಟ್ಟಳು. ಜರ್‌ಬಾನುವಿನ ತಣ್ಣನೆಯ ಕೈ ತಗುಲಿ ಮಗು ಕಿರೋ ಅಂತ ಅತ್ತಿತು.

"ಗಂಟಲು ನಿನ್ನದೇ ಅಕ್ಕಾ," ಅಂದಳು ಬೇಗಿಮ್. ಇಬ್ಬರೂ ಅಳುತ್ತಾ ನಕ್ಕರು. ಆ ದಿನ ಬಿಸಿ ರೊಟ್ಟಿಗೆ ಬೆಣ್ಣೆ ಬಿತ್ತು.

ತೆಪ್ಪ ಹೋದರೂ ಜರ್‌ಬಾನು ಸುಮ್ಮನೆ ಕೂರಲಿಲ್ಲ. ಯಾವ ಕವಲು ಇವತ್ತು ಎಲ್ಲಿದೆ, ಎಲ್ಲಿ ಕಾಲಿಡಬಹುದು, ಎಲ್ಲಿ ಇಡಬಾರದು ಅನ್ನುವುದು ಅವಳಷ್ಟು ಚೆನ್ನಾಗಿ ಯಾರಿಗೂ ತಿಳಿಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವಳು ಕೋಲು ಹಿಡಿದು ಮುಂದೆ ನಡೆಯುವಳು, ಜನ ಹಿಂದೆ ನಡೆಯುವರು.

"ಆಳ ಹೋಯ್ತಲ್ಲ ಅಂತ ಬೇಸರವೇನೇ?" ಅಂತ ಒಮ್ಮೆ ನದಿಯನ್ನು ಕೇಳಿದಳು.

"ಮೊದಮೊದಲು ಇತ್ತು ಅಕ್ಕಾ. ಆದರೆ ಆಗ ಯಾರೂ ನನ್ನೊಳಗೆ ಕಾಲಿಡುತ್ತಿರಲಿಲ್ಲ. ಈಗ ಎಲ್ಲರ ಪಾದವೂ ನನಗೆ ಗೊತ್ತು," ಅಂದಳು ಸಿಮಾಬ್.

ಆಮೇಲೆ ಆ ಖಾನ ಹೋದ, ಆ ಶಾಹ ಹೋದ. ಬೇರೆ ರಾಜರು ಬಂದರು, ಬೇರೆ ಬಾವುಟಗಳು ಬಂದವು, ಕಣಿವೆಗೆ ಬೇರೆ ಬೇರೆ ಹೆಸರಿಟ್ಟರು. ಪ್ರತಿಯೊಬ್ಬರೂ ಒಂದೊಂದು ಕಾಗದದ ಮೇಲೆ ಒಂದೊಂದು ಗೆರೆ ಎಳೆದುಕೊಂಡರು. ಸಿಮಾಬ್ ಮಾತ್ರ ಬೇಸಿಗೆ ಬೇಸಿಗೆಗೂ ದಾರಿ ಬದಲಿಸುತ್ತಲೇ ಇದ್ದಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ಶೀರ್‌ದರಾದ ಮಕ್ಕಳು ಬೆಳಿಗ್ಗೆ ಎದ್ದು, ಬೆಟ್ಟದ ಇಳಿಜಾರಿನ ಮೇಲಿರುವ ತಮ್ಮ ಮನೆಗಳ ಮಾಳಿಗೆ ಹತ್ತಿ ಕೆಳಗೆ ನೋಡಿದರೆ, ಕಲ್ಲುಗುಂಡುಗಳ ಅಗಲವಾದ ಬಯಲಿನಲ್ಲಿ ನದಿ ಬಿಚ್ಚಿದ ಜಡೆಯ ಹಾಗೆ ಎಳೆಎಳೆಯಾಗಿ ಹರಿಯುತ್ತಿರುತ್ತಾಳೆ, ಮತ್ತು ನಿನ್ನೆ ಕಂಡ ಎಳೆ ಇವತ್ತು ಅಲ್ಲಿರುವುದಿಲ್ಲ.