ಮೂಡಲ ಅಟ್ಟಣಿಗೆ

ನಾನು ಪಾದ ಹಿಡಿದ ಮೇಲೆ ಬಿಡಿಸಿಕೊಂಡು ನಡುಗೆರೆ ಮುಟ್ಟಿದ ಆಟಗಾರ ಕೃಷ್ಣೆಯ ಈ ದಂಡೆಯಲ್ಲೂ ಇರಲಿಲ್ಲ, ಆ ದಂಡೆಯಲ್ಲೂ ಇರಲಿಲ್ಲ. ಸುಳ್ಳು ಅನ್ನಿಸಿದರೆ ನಾನು ಹಿಡಿದವರನ್ನೇ ಕೇಳಬಹುದಿತ್ತು. ಅವರಲ್ಲಿ ಒಬ್ಬರೂ ಈಗ ಬದುಕಿಲ್ಲ. ನಿಂತು ನೋಡಿದವರೂ ಬದುಕಿಲ್ಲ. ಶಿಳ್ಳೆ ಊದಿದವನು ಮೊನ್ನೆ ಮೊನ್ನೆ ತೀರಿಕೊಂಡ. ಹೀಗಾಗಿ ಕಬಡ್ಡಿಯ ವಿಷಯದಲ್ಲಿ ಸಂಶಯ ಬಂದರೆ ಊರ ಹುಡುಗರು ನನ್ನ ಹತ್ತಿರವೇ ಬರಬೇಕು.

ಅವತ್ತು ಬಂದವನು ಶಿವಪುತ್ರ. ನನ್ನ ಕೈಯಲ್ಲೇ ಆಟ ಕಲಿತವನು, ಈಗ ತಂಡದ ನಾಯಕ. ಅಂಗಳದ ಎಡ ಮೂಲೆ ಅವನದು. ದಾಳಿಗೆ ಬಂದವನ ಕಾಲು ಒಂದು ಗೇಣು ಹೆಚ್ಚಿಗೆ ಒಳಗೆ ಬಂದರೆ ಸಾಕು, ಹಾವಿನ ಹಾಗೆ ಬಿದ್ದು ಪಾದ ಕಚ್ಚಿಕೊಳ್ಳುತ್ತಾನೆ.

"ಮುತ್ಯಾ," ಎಂದ, "ತಂಡದಾಗ ಮುನ್ನುಗ್ಗಿ ಹಿಡಿಯಾಂವ ನಾ ಒಬ್ಬ ಅದೀನಿ. ಇನ್ನೊಬ್ಬ ಬೇಕೇನ್ರಿ?"

ಅವನ ಹಿಂದೆ ನಿಂತಿದ್ದ ಮೀರಾಸಾಬ ನಕ್ಕ. ಮೀರಾಸಾಬ ನಮ್ಮ ತಂಡದ ರೈಡರ್, ಎದುರಾಳಿಯ ಅಂಗಳಕ್ಕೆ ದಾಳಿ ಹೋಗುವವನು. ಕಾಲಿಗಿಂತ ಬಾಯಿ ಜೋರು.

"ಪ್ರಶ್ನೆ ಅರ್ಧಾ ಕೇಳ್ಯಾನ್ರಿ. ಉಳಿದ ಅರ್ಧಾ ನಾ ಹೇಳ್ತೀನಿ," ಎಂದ.

ಅವನು ಹೇಳಿದ್ದು ಇಷ್ಟು. ನಾಳೆ ಜಿಲ್ಲಾ ಪಂದ್ಯ. ತಂಡದಲ್ಲಿ ಒಂದು ಜಾಗ ಖಾಲಿ ಇದೆ. ಅದನ್ನು ಪಕ್ಕದ ಊರಿನ ದುಂಡಪ್ಪನಿಗೆ ಕೊಟ್ಟು ಬಲ ಮೂಲೆಯಲ್ಲಿ ನಿಲ್ಲಿಸಬೇಕೋ, ಇನ್ನೊಬ್ಬ ರೈಡರ್‌ಗೆ ಕೊಡಬೇಕೋ, ಹೊತ್ತು ಮುಳುಗುವುದರೊಳಗೆ ನಾಯಕ ಹೇಳಬೇಕು. ಕಳೆದ ವರ್ಷ ಫೈನಲ್‌ನಲ್ಲಿ ಎದುರಾಳಿಗಳು ಶಿವಪುತ್ರನ ಹತ್ತಿರ ಸುಳಿಯಲೇ ಇಲ್ಲ. ಬಂದವರೆಲ್ಲ ಬಲಗಡೆಗೇ ಹೋದರು. ಬಲಗಡೆಯಿಂದಲೇ ಅಂಕ ಹೊತ್ತುಕೊಂಡು ಹೋದರು. ಶಿವಪುತ್ರ ಎಡ ಮೂಲೆಯಲ್ಲಿ ಪಾಳು ಗುಡಿಯ ದ್ವಾರಪಾಲಕನ ಹಾಗೆ ನಿಂತೇ ಇದ್ದ. ನಾವು ಸೋತೆವು.

ಆಮೇಲೆ ಮೀರಾಸಾಬ ದನಿ ಇಳಿಸಿದ. "ಈ ಸಲ ಪೊಲೀಸ್ ತಂಡದವರು ಆಟಗಾರರನ್ನ ಆರಿಸಾಕ ಬರ್ತಾರ್ರಿ. ಹಿಡಿಯಾಂವ ಅವರಿಗೆ ಒಬ್ಬನ ಬೇಕಂತ. ನೌಕರಿ ಮಾತು. ಅದಕ್ಕ ನಮ್ಮ ನಾಯಕ ಇನ್ನೊಬ್ಬ ಹಿಡಿಯಾಂವ ಬ್ಯಾಡ ಅನ್ನಾಕತ್ತಾನ."

"ಹಂಗಲ್ರಿ ಮುತ್ಯಾ!" ಶಿವಪುತ್ರನ ಮುಖ ಕೆಂಪಾಯಿತು. "ಆ ದುಂಡಪ್ಪ ಮೈಮ್ಯಾಲ ಹೋಗ್ತಾನ, ಬೀಳ್ತಾನ, ಏಳ್ತಾನ. ಒಬ್ಬನ್ನಾದ್ರೂ ಹಿಡದಿದ್ದು ನಾ ಕಂಡಿಲ್ಲ. ಅಂಥವನ್ನ ತಗೊಂಡು ಏನ್ ಮಾಡೂದು? ಅದೇ ಜಾಗಕ್ಕ ರೈಡರ್ ಬಂದ್ರ ನಾಕು ಅಂಕ ಆದ್ರೂ ಬರ್ತಾವ."

"ಕುಂದ್ರು," ಎಂದೆ. "ಹೊತ್ತು ಇನ್ನೂ ಮ್ಯಾಲೈತಿ. ಒಂದು ಕತಿ ಕೇಳು."

ಶಿವಪುತ್ರ ಕೂತ. ಮೀರಾಸಾಬ ಕೂತ. ಅಂಗಳದಲ್ಲಿ ಆಡುತ್ತಿದ್ದವರೂ ಮೈಗೆ ಹತ್ತಿದ ಮಣ್ಣು ಕೊಡವಿಕೊಂಡು ಬಂದು ಸುತ್ತ ಕೂತರು. ನಾನು ಹೇಳತೊಡಗಿದೆ.

ಒಬ್ಬ ರೈತನಿದ್ದ. ಅವನಿಗೊಂದು ಉದ್ದನೆಯ ಹೊಲವಿತ್ತು. ಹೊಲದ ಮೂಡಲ ತುದಿಗೆ ಹಳ್ಳ. ಆ ಹೊಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಅಲ್ಲಿ ಆಣೆಕಟ್ಟಿನ ಹಿನ್ನೀರು ನಿಂತಿದೆ, ಹೋಗಿ ನೋಡುವ ಹಾಗಿಲ್ಲ. ಆ ವರ್ಷ ರೈತ ಬಿಳಿಜೋಳ ಬಿತ್ತಿದ. ಬೆಳೆ ಎಂಥದು ಬಂತೆಂದರೆ, ಒಳಗೆ ಆನೆ ನಿಂತರೂ ಹೊರಗಿನವರಿಗೆ ಕಾಣುತ್ತಿರಲಿಲ್ಲ. ತೆನೆ ಮುಟ್ಟಬೇಕಾದರೆ ಏಣಿ ಹಾಕಬೇಕಿತ್ತು. ತೆನೆಗೆ ಹಾಲು ತುಂಬಿತು. ಹಾಲು ತುಂಬಿದ ಸುದ್ದಿ ರೈತನಿಗಿಂತ ಮೊದಲು ಗಿಳಿಗಳಿಗೆ ಮುಟ್ಟಿತು.

ರೈತ ಹೊಲದ ಪಡುವಣ ತುದಿಯಲ್ಲಿ ಒಂದು ಅಟ್ಟಣಿಗೆ ಕಟ್ಟಿಸಿದ. ಹಕ್ಕಿ ಕಾಯಲು ಒಬ್ಬ ಕವಣೆಗಾರನನ್ನು ಕರೆತಂದು ಅದರ ಮೇಲೆ ನಿಲ್ಲಿಸಿದ.

ಅವನೆಂಥ ಕವಣೆಗಾರ! ಗಿಳಿಯ ಕೊಕ್ಕಿನಲ್ಲಿ ಕಾಳಿದ್ದರೆ ಕಾಳನ್ನಷ್ಟೇ ಹೊಡೆದು ಕೆಡವುತ್ತಿದ್ದ. ಬಾಯಿ ಖಾಲಿಯಾದದ್ದು ಗಿಳಿಗೆ ಗೂಡು ಮುಟ್ಟಿದ ಮೇಲೆ ಗೊತ್ತಾಗುತ್ತಿತ್ತು. ಒಂದು ದಿನ ಅವನ ಗುರಿ ತಪ್ಪಿತು. ಕಲ್ಲು ಹೊಲ ದಾಟಿತು, ಹಳ್ಳ ದಾಟಿತು, ಆಚೆ ಊರಿನ ಹನುಮಪ್ಪನ ಗುಡಿಯ ಗಂಟೆಗೆ ಬಡಿಯಿತು. ಭಕ್ತರು ಬಂದರೆಂದು ಪೂಜಾರಿ ಆರತಿ ತಟ್ಟೆ ಹಿಡಿದು ಹೊರಗೆ ಬಂದ.

"ಯಪ್ಪಾ!" ಎಂದ ಮೀರಾಸಾಬ.

"ಸುಮ್ಮನಿರಲೇ," ಎಂದೆ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಕಣದಲ್ಲಿ ರಾಶಿ ಬಿದ್ದ ದಿನ, ಹೊಲ ಕಾಯ್ದವನ ತಲೆಗೆ ರೈತ ಹೊಸ ರುಮಾಲು ಸುತ್ತಬೇಕು. ರಾಶಿಗೆ ಒಂದೇ ರುಮಾಲು. ಅದನ್ನು ಸುತ್ತಿಕೊಂಡವನು ಓಣಿಯಲ್ಲಿ ನಡೆದು ಬಂದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಮುಂದಿನ ವರ್ಷ ಊರಿನ ದೊಡ್ಡ ದೊಡ್ಡ ಹೊಲಗಳವರೆಲ್ಲ ಅವನ ಮನೆ ಬಾಗಿಲಿಗೆ ಬರುತ್ತಿದ್ದರು. ಕವಣೆಗಾರ ಆ ರುಮಾಲಿಗಾಗಿ ಕಾದಿದ್ದ.

ಆದರೆ ಗಿಳಿ ದಡ್ಡ ಹಕ್ಕಿಯಲ್ಲ. ಕವಣೆಗಾರ ಎಲ್ಲಿ ನಿಲ್ಲುತ್ತಾನೆಂದು ಅವು ನೋಡಿಕೊಂಡವು. ಅವನ ಕಡೆ ಬರುವುದನ್ನೇ ಬಿಟ್ಟವು. ಮೂಡಲ ತುದಿಯಲ್ಲಿ ಇಳಿದವು. ಕೆಲವೇ ದಿನಗಳಲ್ಲಿ ಹಳ್ಳದ ಕಡೆಯ ತೆನೆಗಳು ಬೋಳಾಗತೊಡಗಿದವು.

ರೈತನ ಎದೆ ಒಡೆಯಿತು. ಮನೆಯ ಹಗೇವಿನಲ್ಲಿ ಹಳೆಯ ಕಾಳು ತೀರಿತ್ತು. ಈ ಬೆಳೆ ಮನೆಗೆ ಬಂದರೆ ಮಕ್ಕಳಿಗೆ ರೊಟ್ಟಿ, ಇಲ್ಲದಿದ್ದರೆ ಇಲ್ಲ. ಅವನು ಅಟ್ಟಣಿಗೆಯ ಕೆಳಗೆ ಬಂದು ನಿಂತ.

"ಮೂಡಲಕ್ಕ ಇನ್ನೊಂದು ಅಟ್ಟಣಿಗಿ ಹಾಕಸ್ಲೇನು?"

"ನಾ ಇರೂ ಹೊಲದಾಗ ಇನ್ನೊಬ್ಬ ಯಾಕ?" ಎಂದ ಕವಣೆಗಾರ. "ತೆನಿಗೆ ಅರಿವಿ ಕಟ್ಟಸು, ಸಾಕು."

ರೈತನ ಮನೆಯ ಹೆಂಗಸರು ಹಳೆಯ ಸೀರೆಗಳನ್ನು ಹರಿದರು. ತೆನೆ ತೆನೆಗೂ ಮುಸುಕು ಕಟ್ಟಿದರು. ಬೀಗಿತಿಯರು ಸೆರಗು ಹೊದ್ದು ಸಾಲಾಗಿ ನಿಂತ ಹಾಗೆ ಹೊಲ ಕಂಡಿತು. ಗಿಳಿಗಳು ಬಂದವು. ಗಂಟುಗಳನ್ನು ನೋಡುತ್ತ ಒಂದಿಷ್ಟು ಹೊತ್ತು ಕೂತವು. ಅವುಗಳನ್ನು ಎಬ್ಬಿಸುವವರು ಆ ಕಡೆ ಯಾರೂ ಇರಲಿಲ್ಲ. ಬೆನ್ನು ಹತ್ತುವವರು ಇಲ್ಲದಿದ್ದರೆ ಗಿಳಿ ಬಿಚ್ಚದ ಗಂಟು ಲೋಕದಲ್ಲಿಲ್ಲ. ಸಂಜೆಯ ಹೊತ್ತಿಗೆ ಸೀರೆ ನೆಲದ ಮೇಲಿತ್ತು, ಕಾಳು ಗಿಳಿಯ ಹೊಟ್ಟೆಯಲ್ಲಿತ್ತು. ಒಂದು ಮುದಿ ಗಿಳಿಯಂತೂ ಇಳಕಲ್ ಸೀರೆಯ ತುಂಡೊಂದನ್ನು ಹೊದ್ದುಕೊಂಡೇ ಹಾರಿಹೋಯಿತು.

ಮರುದಿನ ರೈತ ಯಾರನ್ನೂ ಕೇಳಲಿಲ್ಲ. ಮೂಡಲ ತುದಿಯಲ್ಲಿ ತಾನೇ ನಿಂತು ಇನ್ನೊಂದು ಅಟ್ಟಣಿಗೆ ಎಬ್ಬಿಸಿದ. ಅದರ ಮೇಲೆ ನಿಲ್ಲಲು ಸಿಕ್ಕವನು ಊರಲ್ಲಿ ಸುಮ್ಮನೆ ತಿರುಗುತ್ತಿದ್ದ ಒಬ್ಬ ಉಡಾಳ. ಅವನಿಗೆ ಗುರಿ ಎಂಬುದೇ ಇರಲಿಲ್ಲ. ಬೀಸಿದ ಮೊದಲ ಕಲ್ಲು ಹಿಂದಕ್ಕೆ ಹೋಗಿ ರೈತನ ನೀರಿನ ಕೊಡ ಒಡೆಯಿತು. ಆದರೆ ಗಿಳಿ ಕಂಡರೆ ಅವನ ಮೈಮೇಲೆ ದೇವರು ಬರುತ್ತಿತ್ತು. ಅಟ್ಟಣಿಗೆಯಿಂದ ಜಿಗಿದು ಬೆಳೆಯೊಳಗೆ ನುಗ್ಗುತ್ತಿದ್ದ. ಗಂಟಲು ಎಂಥದೆಂದರೆ, ಅವನು 'ಹೋ' ಎಂದರೆ ಹಳ್ಳದ ನೀರು ಒಂದು ಗಳಿಗೆ ಹರಿಯುವುದನ್ನು ಮರೆಯುತ್ತಿತ್ತು.

ಬೆಳಗಾಯಿತು. ಹಿಂಡು ಬಂತು. ಮೂಡಲ ತುದಿಯಲ್ಲಿ ಇಳಿಯಿತು. ಉಡಾಳ 'ಹೋ' ಎಂದು ನುಗ್ಗಿದ. ಹಿಂಡು ಧಿಗ್ಗನೆ ಎದ್ದಿತು. ಆಕಾಶ ಹಸಿರಾಯಿತು! ಎದ್ದ ಹಿಂಡು ಪಡುವಣಕ್ಕೆ ತಿರುಗಿತು. ಅಲ್ಲಿ ಕವಣೆಗಾರ ಕವಣೆ ತಿರುಗಿಸುತ್ತ ನಿಂತಿದ್ದ. ಬಿತ್ತು ನೋಡು ಕಲ್ಲು! ಒಂದು ಕಲ್ಲು ಮೂರು ಗಿಳಿಗಳನ್ನು ಕೆಡವಿ ನಾಲ್ಕನೆಯದನ್ನು ಹುಡುಕಿಕೊಂಡು ಹೋಯಿತು. ಹಿಂಡು ಹೊರಳಿ ಮೂಡಲಕ್ಕೆ ಓಡಿತು. ಅಲ್ಲಿ 'ಹೋ'. ಮತ್ತೆ ಪಡುವಣಕ್ಕೆ ಬಂತು. ಇಲ್ಲಿ ಕಲ್ಲು. ಕೂರಲು ಒಂದು ತೆನೆ ಸಿಗಲಿಲ್ಲ, ಒಂದು ಕಾಳು ಮುಟ್ಟಲು ಬಿಡುವು ಸಿಗಲಿಲ್ಲ. ರೆಕ್ಕೆ ಸೋತ ಹಿಂಡು ಹಳ್ಳದಾಚೆ ಹೋಗಿ ಬಿತ್ತು.

ಇಷ್ಟು ಹೇಳುವಾಗ ನಾನು ಎದ್ದು ನಿಂತಿದ್ದೆ. ಹೆಗಲ ಟವೆಲನ್ನೇ ಕವಣೆ ಮಾಡಿ ಬೀಸುತ್ತಿದ್ದೆ. ಮೀರಾಸಾಬ ತಲೆ ಬಗ್ಗಿಸಿಕೊಂಡ. ಹುಡುಗರು 'ಹೋ' ಎಂದು ಕೂಗಿದರು. ಶಿವಪುತ್ರನೂ ಕೂಗಿದ.

ದಿನವೂ ಹೀಗೇ ನಡೆಯಿತು. ಬೆಳೆ ಉಳಿಯಿತು. ಊರ ಜನ ಬದುವಿನ ಮೇಲೆ ನಿಂತು ನೋಡತೊಡಗಿದರು. ಗಿಳಿ ಬೀಳುವುದು ಪಡುವಣದಲ್ಲಿ, ಹಾಗಾಗಿ ಎಲ್ಲರೂ ಪಡುವಣಕ್ಕೇ ಮುಖ ಮಾಡಿ ನಿಂತರು. ಕವಣೆಗಾರನಿಗೆ ಮಜ್ಜಿಗೆ ಬಂತು, ಬೆಲ್ಲ ಬಂತು. ಉಡಾಳ ಬಾಯಾರಿದರೆ ಹಳ್ಳಕ್ಕೆ ಇಳಿದು ತಾನೇ ಕುಡಿದು ಬರುತ್ತಿದ್ದ.

ತೆನೆ ಬಲಿಯುತ್ತ ಬಂತು. ರಾಶಿಯ ದಿನ ಹತ್ತಿರವಾಯಿತು. ಕವಣೆಗಾರ ಅಟ್ಟಣಿಗೆಯಿಂದ ಇಳಿದು ರೈತನ ಮುಂದೆ ನಿಂತ.

"ಆ ಉಡಾಳ ಒಂದು ಗಿಳಿನಾದ್ರೂ ಕೆಡವ್ಯಾನೇನು? ಬಿದ್ದಾವೆಲ್ಲಾ ನನ್ನ ಕಲ್ಲಿಗೆ ಬಿದ್ದಾವ. ನಾಳೆ ರುಮಾಲಿಗೆ ಅಂವನೂ ತಲಿ ಚಾಚ್ತಾನ. ಅಂವನ್ನ ಕಳಸು. ಇಲ್ಲಾ ನಾ ಹೋಗ್ತೀನಿ."

ರೈತ ಬಿದ್ದ ಗಿಳಿಗಳನ್ನು ನೋಡಿದ. ಎಲ್ಲವೂ ಪಡುವಣದಲ್ಲಿದ್ದವು. ಮೂಡಲದಲ್ಲಿ ಒಂದು ಗರಿಯೂ ಇರಲಿಲ್ಲ. ಅವನು ಉಡಾಳನನ್ನು ಕರೆದು, "ತಮ್ಮಾ, ಇನ್ನ ಸಾಕಪಾ," ಎಂದ. ಉಡಾಳ ಕವಣೆಯನ್ನು ಸೊಂಟಕ್ಕೆ ಸುತ್ತಿಕೊಂಡು ಹಳ್ಳ ದಾಟಿ ಹೋದ. ಮೂಡಲ ಅಟ್ಟಣಿಗೆ ಖಾಲಿಯಾಯಿತು.

ಮರುದಿನ ಹಿಂಡು ಬಂತು. ಅದೊಂದೇ ಬರಲಿಲ್ಲ, ಬೀಗರನ್ನೂ ನೆಂಟರನ್ನೂ ಕರೆದುಕೊಂಡು ಬಂತು. ಬಿಸಿಲು ಮಾಯವಾಯಿತು. ಕತ್ತಲಾಯಿತೆಂದು ಊರ ಕೋಳಿಗಳು ಗೂಡು ಸೇರಿದವು. ಹಿಂಡು ಮೂಡಲ ತುದಿಯಲ್ಲಿ ಇಳಿಯಿತು. 'ಹೋ' ಎನ್ನುವವರಿಲ್ಲ. ಕವಣೆಗಾರ ಬೀಸಿದ. ಕಲ್ಲು ಆ ತುದಿ ಮುಟ್ಟಲಿಲ್ಲ. ಮತ್ತೆ ಬೀಸಿದ. ಅದೂ ಮುಟ್ಟಲಿಲ್ಲ. ಗಿಳಿಗಳು ಸಾಲು ಹಿಡಿದು ಮೇಯುತ್ತ ಬಂದವು. ರೈತ ಬಾಯಿ ಬಡಿದುಕೊಳ್ಳುತ್ತ ಓಡಿದ. ಅವನ ಹೆಂಡತಿ ಗಂಗಾಳ ಬಾರಿಸುತ್ತ ಹಿಂದೆ ಓಡಿದಳು. ಹೊಲ ಉದ್ದನೆಯದು. ಅವರು ಹೋಗಿ ಮುಟ್ಟಿದಲ್ಲೆಲ್ಲ ಬರೀ ದಂಟು ನಿಂತಿತ್ತು. ಕವಣೆಗಾರನ ಅಟ್ಟಣಿಗೆಯ ಸುತ್ತ ಇದ್ದ ನಾಲ್ಕು ಸಾಲು ಮಾತ್ರ ಉಳಿದವು.

ರಾಶಿಯ ದಿನ ಜನ ಕಣಕ್ಕೆ ಬಂದರು. ರಾಶಿ ಇರಲಿಲ್ಲ. ರೈತ ಹೊಸ ರುಮಾಲು ತಂದಿದ್ದ. ಕವಣೆಗಾರ ತಲೆ ಬಾಚಿಕೊಂಡು ಬಂದಿದ್ದ. ರೈತ ರುಮಾಲನ್ನು ನೆಲಕ್ಕೆ ಹಾಸಿದ. ಉಳಿದ ತೆನೆಗಳನ್ನೆಲ್ಲ ಅದರಲ್ಲಿ ಹಾಕಿದ. ತುದಿಗಳನ್ನು ಸೇರಿಸಿ ಗಂಟು ಕಟ್ಟಿದ. ಗಂಟನ್ನು ಬಗಲಲ್ಲಿ ಇಟ್ಟುಕೊಂಡು ಮನೆಗೆ ನಡೆದ. ಬಗಲು ತುಂಬಲಿಲ್ಲ.

ನಾನು ಕತೆ ನಿಲ್ಲಿಸಿದೆ. ಶಿವಪುತ್ರ ಹಣೆ ಗಂಟಿಕ್ಕಿಕೊಂಡು ಮಣ್ಣಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದ. ಇದ್ದಕ್ಕಿದ್ದಂತೆ ಅವನ ಕಣ್ಣು ಹೊಳೆಯಿತು.

"ಮುತ್ಯಾ, ತಡೀರಿ. ಅಂವನ ಕಲ್ಲು ಹೊಲಾ ದಾಟಿ, ಹಳ್ಳಾ ದಾಟಿ, ಆಚೀ ಊರಿನ ಗುಡಿ ಗಂಟಿ ಬಾರಸ್ತು ಅಂದ್ರಿ. ಹೌದಿಲ್ಲೋ?"

"ಹೌದು."

"ಅಂಥಾ ಕಲ್ಲು ಅದೇ ಹೊಲದ ಆ ತುದಿ ಮುಟ್ಟಲಿಲ್ಲ ಅಂದ್ರ ಹ್ಯಾಂಗ್ರಿ?"

ಹುಡುಗರು ಹೋ ಎಂದು ನಕ್ಕರು. "ಸಿಕ್ಕಬಿದ್ದ ಮುತ್ಯಾ!" ಎಂದು ಒಬ್ಬ ಕೂಗಿದ. ಮೀರಾಸಾಬ ನೆಲಕ್ಕೆ ಕೈ ಬಡಿದು, "ಔಟ್! ಮುತ್ಯಾ ಔಟ್! ಹೊರಗ ನಡೀರಿ!" ಎಂದ. ಗೆದ್ದ ಖುಷಿಯಲ್ಲಿ ಶಿವಪುತ್ರ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ನಾನು ಹೆಗಲು ಕುಣಿಸಿದೆ.

"ಮುಟ್ಟತಿತ್ತಪಾ, ಯಾರು ಇಲ್ಲ ಅಂದ್ರು? ಬೀಸಾಂವನ ಕಣ್ಣು ಗಿಳಿ ಮ್ಯಾಲಿದ್ರ ಮುಟ್ಟತಿತ್ತು. ಆದ್ರ ಅಂವನ ಕಣ್ಣು ರುಮಾಲಿನ ಮ್ಯಾಲಿತ್ತು."

ನಗು ನಿಂತಿತು. ಶಿವಪುತ್ರ ಎದ್ದು ಮಣ್ಣು ಕೊಡವಿಕೊಂಡ, ಹೊತ್ತು ಮುಳುಗುವ ಮೊದಲೇ ದುಂಡಪ್ಪನ ಊರಿನ ದಾರಿ ಹಿಡಿದ.