ಗಡಿ ನಡೆದ ಸಣ್ಣೀರ

"ಕೇಳಿರಯ್ಯಾ ಕೇಳಿರಿ! ಬಿಲ್ವಾವತಿಯ ದೊರೆ ಇಮ್ಮಡಿಮಲ್ಲರ ಅಪ್ಪಣೆ! ಮೂಡಣ ಗುಡ್ಡದವರು ನಮ್ಮ ಕೊಡೆಯ ಕೆಳಗೆ ಇರಲಾರೆವು, ನಮ್ಮ ನಾಡು ನಮಗೇ ಇರಲಿ ಎಂದು ಹಟ ಹಿಡಿದಿದ್ದಾರೆ. ಅವರ ಹಿರಿಯಳು ಬೆಳ್ಳಜ್ಜಿ ಮೂರು ಒಗಟು ತಂದು ಅರಮನೆಯಲ್ಲಿ ಕೂತಿದ್ದಾಳೆ. ಬಿಡಿಸಬಲ್ಲವನು ಒಬ್ಬನಾದರೂ ನಮ್ಮಲ್ಲಿದ್ದರೆ ಮಾತಿನಲ್ಲೇ ಮುಗಿಸೋಣ ಎನ್ನುತ್ತಾಳೆ. ಇಲ್ಲದಿದ್ದರೆ ಅಮಾವಾಸ್ಯೆಗೆ ಯುದ್ಧ! ಬಿಡಿಸಿದವನಿಗೆ ಅರ್ಧ ರಾಜ್ಯ! ತಪ್ಪಿದವನ ತಲೆ ಹಾರೀತು!"

ಡಂಗುರದವನು ಊರೂರು ಸುತ್ತಿ, ಕೊನೆಗೆ ಗಡಿಯಂಚಿನ ಒಂಟಿ ಗುಡಿಸಲ ಮುಂದೆಯೂ ನಿಂತು ಪೂರ್ತಿ ಸಾರಿದ. ಕೇಳಲು ಅಲ್ಲಿದ್ದವನು ಸಣ್ಣೀರ ಒಬ್ಬನೇ. ಮೂರು ವರ್ಷದಿಂದ ಅವನ ಬಾಗಿಲಿಗೆ ಬಂದು ಯಾರೂ ಇಷ್ಟು ಮಾತಾಡಿರಲಿಲ್ಲ. "ಇನ್ನೊಂದ್ ಸಲ ಹೇಳಪ್ಪ" ಎಂದ.

ಸಣ್ಣೀರನ ಮನೆತನದ ಕೆಲಸ ಗಡಿ ನಡೆಯುವುದು. ಎರಡು ನಾಡಿಗೆ ಗೆರೆಯ ತಕರಾರು ಬಂದರೆ ಅವನು ಹಸಿ ತೊಗಲನ್ನು ತಲೆಯ ಮೇಲೆ ಹೊತ್ತು, ಸುಳ್ಳು ನಡೆದರೆ ನನ್ನ ವಂಶ ನಿರ್ವಂಶವಾಗಲಿ ಎಂದು ಆಣೆಯಿಟ್ಟು ನಡೆಯಬೇಕು. ಅವನು ನಡೆದಲ್ಲಿ ಕಲ್ಲು ನೆಡುತ್ತಾರೆ. ಆಚೆಯವನೊಬ್ಬ ಜೊತೆಗೇ ನಡೆದು ಒಂದೊಂದು ಕಲ್ಲಿಗೂ "ಹೌದು" ಎನ್ನಬೇಕು. ಇಷ್ಟೆಲ್ಲ ಮಾಡಿದವನ ಮನೆಯಲ್ಲಿ, ತೊಗಲು ಹೊತ್ತವನೆಂದು, ಊರಿನವರು ನೀರು ಕುಡಿಯುತ್ತಿರಲಿಲ್ಲ.

ಅವನಿಗೆ ಹೆಣ್ಣು ಕೊಟ್ಟವರು ಗುಡ್ಡದವರೇ. ಅವಳ ಹೆಸರು ಪೊಳಕೆ. ಗುಡ್ಡದಲ್ಲಿ ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆಯುವುದೇ ಪ್ರೀತಿ. ಬಯಲಿನಲ್ಲಿ ಹಾಗೆ ಕರೆದರೆ ಗಂಡನ ಆಯಸ್ಸು ಸವೆಯುತ್ತದಂತೆ! ಬಂದ ಮೊದಲ ದಿನ ಅವಳು "ಸಣ್ಣೀರಾ" ಎಂದಳು. ಅತ್ತೆ ಓಡಿಬಂದು ಬಾಯಿ ಮುಚ್ಚಿದಳು. ಸಣ್ಣೀರ ನಕ್ಕು ಸುಮ್ಮನಾದ. ಆಮೇಲೆ ಪೊಳಕೆ ಅವನನ್ನು ಏನೆಂದೂ ಕರೆಯಲಿಲ್ಲ. ಊರಿನವರಿಗೆ ಅವಳು ಬರೀ 'ಗುಡ್ಡದವಳು'. ಒಂದು ದಿನ ಅಂಗಳದಲ್ಲಿ ಬೇರೆ ಒಲೆ ಹೂಡಿದಳು. ಸುಗ್ಗಿ ಕಳೆಯುವಷ್ಟರಲ್ಲಿ ಗುಡ್ಡ ಹತ್ತಿ ಹೋದಳು. ವರ್ಷದೊಳಗೆ ತಾಯಿಯೂ ತೀರಿಕೊಂಡಳು. ಸಣ್ಣೀರನಿಗೆ ಮಾತಾಡಲು ಉಳಿದದ್ದು ಗಡಿಯ ಕಲ್ಲುಗಳು.

ಯುದ್ಧವಾದರೆ ಪೊಳಕೆಯನ್ನು ಈ ಜನ್ಮದಲ್ಲಿ ಕಾಣುವಂತಿಲ್ಲ. ತಲೆ ಹಾರಿದರೂ ಅಷ್ಟೇ. ಅವನು ಬುತ್ತಿ ಕಟ್ಟಿಕೊಂಡು ರಾಜಧಾನಿಗೆ ಹೊರಟ.

ಅಷ್ಟರಲ್ಲಿ ಅಲ್ಲಿ ಮೂರು ತಲೆ ಹೋಗಿದ್ದವು. ಬೆಳ್ಳಜ್ಜಿಯ ಮೊದಲನೆಯ ಒಗಟಿಗೇ ಆಸ್ಥಾನದ ಪಂಡಿತ "ನೆರಳು" ಎಂದಿದ್ದ, ಸೇನಾಪತಿ "ಭಯ" ಎಂದಿದ್ದ, ರಾಜನ ಭಾವಮೈದ "ದೆವ್ವ" ಎಂದಿದ್ದ. ಭಾವಮೈದನಿಗಾಗಿ ರಾಣಿ ಮೂರು ದಿನ ಉಣ್ಣಲಿಲ್ಲ. ರಾಜ ಮಾತ್ರ ಹೊಟ್ಟೆ ತುಂಬ ಉಂಡನಂತೆ.

ನಾಲ್ಕನೆಯವನಾಗಿ ಬಂದ ಸಣ್ಣೀರನ ಕಂಬಳಿ ನೋಡಿ ಸಭೆ ಕಿಸಕ್ಕೆಂದಿತು. ಬೆಳ್ಳಜ್ಜಿ ನಗಲಿಲ್ಲ. ಎಲೆಯಡಿಕೆ ಪಕ್ಕಕ್ಕಿಟ್ಟು ಕೇಳಿದಳು: "ಮಳೆಗೆ ನೆನೆಯಾಕಿಲ್ಲ, ಬಿಸಿಲಿಗೆ ಒಣಗಾಕಿಲ್ಲ. ಹಕ್ಕಿಗೆ ಕಾಣಾಕಿಲ್ಲ, ಹಾವಿಗೆ ಗೊತ್ತಿಲ್ಲ. ಮನುಷ್ಯ ಮಾತ್ರ ಅದನ್ನ ಎಡವಿ ಸಾಯ್ತಾನೆ. ಏನದು?"

"ಗಡಿ ಕಣಜ್ಜಿ" ಎಂದ ಸಣ್ಣೀರ. "ನಾನೇ ನಡೆದಿದೀನಿ. ಕಲ್ಲು ಕಂಡೀತು, ಗೆರೆ ಎಲ್ಲೂ ಕಾಣಾಕಿಲ್ಲ."

ಸಭೆಯ ನಗು ನಿಂತಿತು. ಬೆಳ್ಳಜ್ಜಿ ಎರಡನೆಯದನ್ನು ಕೇಳಿದಳು:

"ನನ್ನತ್ರ ಐತೆ ಅಂತ ನಾನೊಬ್ಬಳೇ ಕೂಗಿದ್ರೆ ಇರಾಕಿಲ್ಲ. ಪಕ್ಕದವ ಹೌದು ಅಂದ್ರೆ ಐತೆ. ಕತ್ತಿಗೆ ಸಿಕ್ತದೆ, ಕತ್ತಿ ಮ್ಯಾಲೆ ಬಾಳ ದಿನ ನಿಲ್ಲಾಕಿಲ್ಲ. ಏನದು?"

"ದೊರೆತನ" ಎಂದ ಸಣ್ಣೀರ. "ಆಚೆಯವ ಹೌದು ಅನ್ನೋತಂಕ ನಾನು ನೆಟ್ಟ ಕಲ್ಲು ದನ ಮೈ ತಿಕ್ಕೋ ಕಲ್ಲು, ಅಷ್ಟೇಯ."

ರಾಜ ತನ್ನ ಸಿಂಹಾಸನವನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ಒಂದು ತುಂಬಿದ ಮನೆ" ಎಂದಳು ಬೆಳ್ಳಜ್ಜಿ. "ಉಣ್ಣಾಕೆ ಕೊರತೆ ಇಲ್ಲ, ಹೊಡೆದೋರಿಲ್ಲ, ಬೈದೋರಿಲ್ಲ. ಆದ್ರೂ ಒಬ್ಬಳು ಅಂಗಳದಾಗೆ ಬ್ಯಾರೆ ಒಲೆ ಹೂಡಿದ್ಲು. ಯಾಕೆ?"

ಸಣ್ಣೀರ ತಲೆ ತಗ್ಗಿಸಿದ. ಉತ್ತರ ಗೊತ್ತಿರಲಿಲ್ಲವೆಂದಲ್ಲ, ಆ ಒಲೆಯನ್ನು ಮೂರು ವರ್ಷದಿಂದ ದಿನಾ ನೋಡುತ್ತಿದ್ದ. ತುಂಬಿದ ಸಭೆಯಲ್ಲಿ ಅದನ್ನು ಹೇಳಲು ಅವನಿಗೆ ನಾಚಿಕೆಯಾಯಿತು. ತಳವಾರ ಕತ್ತಿ ಹಿರಿದು ಹತ್ತಿರ ಬಂದ.

"ಅವಳ ಬಾಯಿ ಮುಚ್ಚಿದ್ರು" ಎಂದ ಕೊನೆಗೆ. "ಅವಳ ಮಾತಿಗೆ ನಕ್ರು. ಅವಳಿಗೊಂದು ಹೆಸರಿದ್ರೂ ಹೆಸರು ಹಿಡಿದು ಕರೀಲಿಲ್ಲ. ಅನ್ನ ಇಕ್ಕಿದ್ರೆ ಸಾಕು ಅಂದ್ಕೊಂಡ್ರು. ಅವಳ ಗಂಡ ನೋಡ್ಕೊಂಡು ಸುಮ್ಕಿದ್ದ, ಅಜ್ಜಿ. ಅವನೇ ನಾನು."

ಬೆಳ್ಳಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ರಾಜನ ಕಡೆ ತಿರುಗಿದಳು. "ನಮ್ಮ ಮಾತು ನಿಮ್ಮ ಸಭೇಲಿ ನಗೆಪಾಟಲು ದೊರೆ. ನಮಗೂ ನೀವು ಮಾಡಿದ್ದು ಇಷ್ಟೇಯ. ನಮ್ಮ ನಾಡು ನಮ್ಮದು ಅಂದ್ರೆ ಈಗ ಹೌದು ಅಂತೀರೋ ಇಲ್ವೋ?"

ರಾಜ ಸಿಂಹಾಸನದಿಂದ ಎದ್ದು "ಹೌದು" ಎಂದ. ಮೂರು ತಲೆ ಹೋದ ಮೇಲೆ ಬಂದ ಬುದ್ಧಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆದರೂ ಯುದ್ಧ ತಪ್ಪಿತು.

"ಅರ್ಧ ರಾಜ್ಯ ತಗೋ" ಎಂದ ಸಣ್ಣೀರನಿಗೆ.

ಸಣ್ಣೀರ ಬೆದರಿ ಕೈ ಮುಗಿದ. "ಬ್ಯಾಡ ಬುದ್ಧೀ. ಅರ್ಧ ಕೊಟ್ರೆ ನಡುವೆ ಇನ್ನೊಂದು ಗಡಿ ಆಯ್ತದೆ. ಅದನ್ನೂ ನಾನೇ ನಡೀಬೇಕು. ಗುಡ್ಡದ ಗೆರೆ ನಡೆದು ಮುಗಿಸ್ತೀನಿ, ಆಮ್ಯಾಕೆ ಆಚೆಗೆ ಹೋಗಾಕೆ ಬಿಡಿ, ಸಾಕು."

ಹಾಗೇ ಆಯಿತು. ಅವನು ತೊಗಲು ಹೊತ್ತು ನಡೆದ. ಗುಡ್ಡದವನೊಬ್ಬ ಕಲ್ಲುಕಲ್ಲಿಗೂ "ಹೌದು" ಎಂದ. ಕೊನೆಯ ಕಲ್ಲಿನ ಹತ್ತಿರ ಸಣ್ಣೀರ ತೊಗಲನ್ನು ಇಳಿಸಿಟ್ಟು ಆಚೆಗೆ ದಾಟಿದ.

ಗುಡ್ಡದಲ್ಲಿ ಅವನನ್ನು ಎಲ್ಲರೂ 'ಬಯಲಿನವನು' ಎಂದರು. ಅವನು ತೊದಲುತ್ತ ಅವರ ಮಾತಾಡಿದರೆ ಮಕ್ಕಳು ಬಿದ್ದು ಬಿದ್ದು ನಕ್ಕವು. ಪೊಳಕೆಯ ಮನೆಗೆ ಕೂಗಳತೆಯಲ್ಲಿ ಗುಡಿಸಲು ಹಾಕಿಕೊಂಡು ಒಬ್ಬನೇ ಬೇಯಿಸಿಕೊಂಡ. ದಿನಾ ಅವಳಿಗೊಂದು ಹೊರೆ ಸೌದೆ ಇಟ್ಟು, "ಪೊಳಕೆ" ಎಂದು ಕರೆದು ಬರುತ್ತಿದ್ದ. ಅವಳು ಸೌದೆ ಒಳಗಿಡುವಳು, ಮಾತಿಲ್ಲ. ಅವಳು ಬಯಲಿನಲ್ಲಿ ಕಳೆದ ದಿನಗಳು ಹೇಗಿದ್ದವೆಂದು ಅವನಿಗೆ ಆಗ ತಿಳಿಯಿತು. ಎರಡು ಮಳೆಗಾಲ ಹೀಗೇ ಕಳೆಯಿತು.

ಒಂದು ಸಂಜೆ ಅವನು ಸೌದೆ ಇಟ್ಟು ಹಿಂದಿರುಗುತ್ತಿದ್ದಾಗ ಬಾಗಿಲಿಂದ ದನಿ ಬಂತು. "ಸಣ್ಣೀರಾ, ಉಣ್ಣು ಬಾ."

ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯಸ್ಸು ಸವೆಯುತ್ತದೆ ಎಂದು ಬಯಲಿನವರು ಈಗಲೂ ನಂಬುತ್ತಾರೆ. ಪೊಳಕೆ ದಿನಕ್ಕೆ ಹತ್ತು ಸಲ ಕರೆದಳು; ಸಣ್ಣೀರ ತೊಂಬತ್ತು ವರ್ಷ ಬದುಕಿದ.